ಶಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲಿಸ್: ಕ್ಯಾಂಪಸ್ಸಿನಿಂದ ಬಾಡಿಗೆ ಮನೆಯವರೆಗಿನ ದಾರಿ

ಅಕ್ಕನ ಮಗಳಿಗೆ ಸಾರ್ವಜನಿಕ ನೀತಿಯ ಸ್ನಾತಕೋತ್ತರ ವ್ಯಾಸಂಗಕ್ಕೆ ಶಿಕಾಗೊ ವಿಶ್ವವಿದ್ಯಾಲಯ, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ (ಇಲ್ಲಿ ಎಲ್ಲರ ಬಾಯಲ್ಲೂ ಅದು ಪೆನ್), ಲಾಸ್ ಏಂಜಲಿಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಈ ಮೂರರಲ್ಲೂ ಸೀಟು ಸಿಕ್ಕಿತು. ಓದಿನ ದೃಷ್ಟಿಯಿಂದ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮೂರೂ ಇರುವುದು ಗುಂಡೇಟಿನ ಸುದ್ದಿಗೆ ಹೆಸರಾದ ನಗರಗಳಲ್ಲಿ. ದಾವಣಗೆರೆಯಿಂದ ಭಾವ ಫೋನ್ ಮಾಡಿ, “ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾರಪ್ಪ, ಆಮೇಲೆ ದುಡ್ಡು ಕಟ್ಟೋಣ” ಎಂದರು. ನ್ಯೂಜೆರ್ಸಿಯಲ್ಲಿರುವ ನಾನು ಮೂರೂ ಊರಿಗೆ ಹೋಗಿ, ಹಗಲಿನಲ್ಲೂ ಸಂಜೆಯ ತರಗತಿ ಬಿಡುವ ಹೊತ್ತಿನಲ್ಲೂ, ವಿಭಾಗದ ಕಟ್ಟಡದಿಂದ ಬಾಡಿಗೆ ಮನೆಗಳಿರುವ ಬೀದಿಗಳವರೆಗೆ ನಡೆದು ನೋಡಿದೆ.

ಹೊರಡುವ ಮುನ್ನ ಮೂರರ ವಾರ್ಷಿಕ ಸುರಕ್ಷತಾ ವರದಿಗಳನ್ನೂ ಓದಿದ್ದೆ. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದ ತರುವಾಯ, 1990ರಲ್ಲಿ ಅಂಗೀಕಾರವಾದ ಕ್ಲೆರಿ ಕಾಯ್ದೆಯಂತೆ, ಪ್ರತಿ ವಿಶ್ವವಿದ್ಯಾಲಯವೂ ಅಕ್ಟೋಬರ್ 1ರೊಳಗೆ ಹಿಂದಿನ ಮೂರು ವರ್ಷಗಳ ಅಪರಾಧಗಳ ಲೆಕ್ಕವನ್ನು ಪ್ರಕಟಿಸಬೇಕು. ಆದರೆ ಆ ಲೆಕ್ಕಕ್ಕೆ ಬರುವುದು ಕ್ಯಾಂಪಸ್, ವಿಶ್ವವಿದ್ಯಾಲಯದ ಅಧೀನದಲ್ಲಿರುವ ಕಟ್ಟಡಗಳು ಮತ್ತು ಕ್ಯಾಂಪಸ್ಸಿಗೆ ಅಂಟಿಕೊಂಡ ರಸ್ತೆಗಳು ಮಾತ್ರ. ನಾಲ್ಕು ಬೀದಿ ಆಚೆ ಖಾಸಗಿ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಯಾರಾದರೂ ಮೊಬೈಲ್ ಕಿತ್ತುಕೊಂಡು ಓಡಿದರೆ ಅದು ಅಲ್ಲಿ ದಾಖಲಾಗುವುದಿಲ್ಲ. ಗ್ರಂಥಾಲಯದೊಳಗೇ ಲ್ಯಾಪ್‌ಟಾಪ್ ಕಳುವಾದರೂ ಅಂಥ ಸಾಮಾನ್ಯ ಕಳ್ಳತನ ಆ ಪಟ್ಟಿಗೆ ಸೇರುವುದಿಲ್ಲ. ಹೀಗಾಗಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವಿಶ್ವವಿದ್ಯಾಲಯದ ಪೊಲೀಸರು ಇಡಬೇಕಾದ ದಿನವಹಿ ಅಪರಾಧ ದಾಖಲೆ. ಘಟನೆ ಎಲ್ಲಿ, ಎಷ್ಟು ಹೊತ್ತಿಗೆ ನಡೆಯಿತೆಂಬುದು ಅದರಲ್ಲಿರುತ್ತದೆ.

ಲಾಸ್ ಏಂಜಲಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2012ರಲ್ಲಿ ಕ್ಯಾಂಪಸ್ಸಿನ ಹತ್ತಿರ ಇಬ್ಬರು ಚೀನೀ ವಿದ್ಯಾರ್ಥಿಗಳ ಹತ್ಯೆಯಾಯಿತು. ಅದೇ ವರ್ಷ ಕ್ಯಾಂಪಸ್ಸಿನೊಳಗೂ ಗುಂಡು ಹಾರಿತು. ಮರುವರ್ಷದಿಂದ ರಾತ್ರಿ ಹೊತ್ತು ಗುರುತಿನ ಚೀಟಿ ತೋರಿಸದೆ ಗೇಟು ದಾಟುವಂತಿಲ್ಲ. ಒಳಗೆ ಕೋಟೆಯ ಭದ್ರತೆ ಇದೆ, ಆದರೆ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಮಲಗುವುದು ಕೋಟೆಯ ಹೊರಗೆ. ಕಾರಿಲ್ಲದವರಿಗೆ ಹೇಳಿಮಾಡಿಸಿದ ಊರೂ ಅದಲ್ಲ.

ಶಿಕಾಗೊ ನಾನು ಅಂದುಕೊಂಡದ್ದಕ್ಕಿಂತ ಹಿತವಾಗಿತ್ತು. ವಿಶ್ವವಿದ್ಯಾಲಯಕ್ಕೆ ತನ್ನದೇ ಪೊಲೀಸ್ ಪಡೆಯಿದ್ದು, ಅದರ ಗಸ್ತು ಕ್ಯಾಂಪಸ್ಸಿಗೆ ಸೀಮಿತವಾಗದೆ ಉತ್ತರದಲ್ಲಿ 37ನೇ ಬೀದಿಯಿಂದ ದಕ್ಷಿಣದಲ್ಲಿ 64ನೇ ಬೀದಿಯವರೆಗೆ ಹಬ್ಬಿದೆ. ಕ್ಯಾಂಪಸ್ ಇರುವ ಹೈಡ್ ಪಾರ್ಕ್ ಬಡಾವಣೆಯ ಬಾಡಿಗೆ ಮನೆಗಳೆಲ್ಲ ಅದರೊಳಗೇ ಬರುತ್ತವೆ. ಇಷ್ಟಿದ್ದೂ 2021ರ ಒಂದೇ ವರ್ಷದಲ್ಲಿ ಇಲ್ಲಿನ ಇಬ್ಬರು ವಿದ್ಯಾರ್ಥಿಗಳು ಮತ್ತು ಆಗಷ್ಟೇ ಪದವಿ ಮುಗಿಸಿದ್ದ ಒಬ್ಬರು ಗುಂಡಿಗೆ ಬಲಿಯಾದರು. ಒಬ್ಬರು ಕಾರು ನಿಲ್ಲಿಸುವ ಕಟ್ಟಡದಲ್ಲಿ, ಒಬ್ಬರು ರೈಲಿನೊಳಗೆ, ಮತ್ತೊಬ್ಬರು ಹಾಡಹಗಲೇ ಪಾದಚಾರಿ ಮಾರ್ಗದಲ್ಲಿ. “ಕತ್ತಲಾದ ಮೇಲೆ ತಿರುಗಾಡಬೇಡ” ಎಂಬ ನಮ್ಮ ಹಿರಿಯರ ಬುದ್ಧಿಮಾತು ಇಲ್ಲಿ ಅರ್ಧವಷ್ಟೇ ಸಲ್ಲುತ್ತದೆ. ಅಲ್ಲದೆ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಮುಳುಗುವುದರಿಂದ, ಆ ಮಾತನ್ನು ಪಾಲಿಸಿದರೆ ತರಗತಿಗೇ ಹೋಗುವಂತಿಲ್ಲ.

ನನಗೆ ಅಳುಕು ಹುಟ್ಟಿಸಿದ್ದು ಮಿಡ್‌ವೇ ಪ್ಲೆಸಾನ್ಸ್. 59 ಮತ್ತು 60ನೇ ಬೀದಿಗಳ ನಡುವೆ ಚಾಚಿಕೊಂಡ ಅಗಲವಾದ ಹುಲ್ಲು ಬಯಲು ಅದು. 1893ರ ವಿಶ್ವ ಮೇಳದ ದೊಡ್ಡ ಚಕ್ರ ನಿಂತಿದ್ದ ಜಾಗ. ಸಾರ್ವಜನಿಕ ನೀತಿಯ ವಿಭಾಗ ಇರುವುದು ಅದರ ದಕ್ಷಿಣದ ಅಂಚಿನಲ್ಲಿ, ಅಂಗಡಿಗಳು ಮತ್ತು ಹೆಚ್ಚಿನ ಮನೆಗಳಿರುವುದು ಉತ್ತರದಲ್ಲಿ. ಅಂದರೆ ಹುಡುಗಿ ಪ್ರತಿ ಸಂಜೆ ಈ ಬಯಲನ್ನು ದಾಟಬೇಕು. ದೀಪಗಳಿವೆ, ತುರ್ತು ಕರೆಯ ನೀಲಿ ದೀಪದ ಕಂಬಗಳಿವೆ, ಶಟಲ್ ವಾಹನವೂ ಇದೆ. ಆದರೆ ಅಲ್ಲಿ ನಡೆಯುವಾಗ ಮುಂದೆಯೂ ಹಿಂದೆಯೂ ಜನರಿರಲಿಲ್ಲ.

ಪೆನ್‌ನ ಸುತ್ತಮುತ್ತ ಇದಕ್ಕೆ ತದ್ವಿರುದ್ಧ. 1990ರ ದಶಕದಲ್ಲಿ ಅಪರಾಧಗಳಿಂದ ಕಂಗೆಟ್ಟ ವಿಶ್ವವಿದ್ಯಾಲಯ ಪೊಲೀಸರನ್ನು ಹೆಚ್ಚಿಸುವುದಕ್ಕಷ್ಟೇ ನಿಲ್ಲದೆ, 1997ರಲ್ಲಿ ನೆರೆಯ ಸಂಸ್ಥೆಗಳೊಡನೆ ಸೇರಿ ಬಡಾವಣೆಯ ನೈರ್ಮಲ್ಯ ಮತ್ತು ಕಾವಲಿಗೆಂದೇ ಯೂನಿವರ್ಸಿಟಿ ಸಿಟಿ ಡಿಸ್ಟ್ರಿಕ್ಟ್ ಎಂಬ ಸಂಸ್ಥೆಯನ್ನು ಕಟ್ಟಿತು. ಬೀದಿದೀಪ, ಅಂಗಡಿ, ಶಾಲೆಗಳಿಗೂ ಹಣ ಹಾಕಿತು. ಅದರ ಫಲ ಈಗ ಕಣ್ಣಿಗೆ ಕಾಣುತ್ತದೆ. 40ನೇ ಬೀದಿಯಿಂದ ಬಾಲ್ಟಿಮೋರ್ ಅವೆನ್ಯೂ ಹಿಡಿದು ನಡೆದರೆ ಟ್ರಾಲಿ (ರಸ್ತೆಯ ಹಳಿ ಮೇಲಿನ ಟ್ರಾಮ್) ಓಡಾಡುತ್ತಿರುತ್ತದೆ, ಹೋಟೆಲುಗಳು ತೆರೆದಿರುತ್ತವೆ, ನಾಯಿ ಹಿಡಿದುಕೊಂಡವರು ಎದುರಾಗುತ್ತಾರೆ. ಮೂರಂತಸ್ತಿನ ಹಳೆಯ ಮನೆಗಳ ವರಾಂಡದಲ್ಲಿ ಅಮೆಜಾನ್ ಡಬ್ಬಗಳು ಹಾಗೇ ಬಿದ್ದಿರುವುದನ್ನೂ ಕಂಡೆ, ಅವು ಬೆಳಗಿನವರೆಗೆ ಉಳಿದವೋ ಇಲ್ಲವೋ.

ತೊಡಕಿರುವುದು ಗಡಿಯಲ್ಲಿ. ಪೆನ್ ಪೊಲೀಸರ ಗಸ್ತು 30ನೇ ಬೀದಿಯಿಂದ 43ನೇ ಬೀದಿಯವರೆಗೆ. ಅದರಾಚೆ ನಗರ ಪೊಲೀಸರದೇ ಹೊಣೆ. ಬಾಡಿಗೆ ಇಳಿಯುವುದೂ ಅಲ್ಲಿಂದಾಚೆಗೇ, ದುಡ್ಡು ಉಳಿಸಲು ನೋಡುವ ನಮ್ಮ ಹುಡುಗರು ಮನೆ ಹುಡುಕುವುದೂ ಅಲ್ಲೇ. 46ನೇ ಬೀದಿಯ ಬಳಿ ಒಂದು ಅಡ್ಡರಸ್ತೆಗೆ ತಿರುಗಿದಾಗ ಮರಗಳ ದಟ್ಟಣೆಯಲ್ಲಿ ಬೀದಿದೀಪದ ಬೆಳಕು ನೆಲ ಮುಟ್ಟುತ್ತಿರಲಿಲ್ಲ. “ಮಾವ, ಈ ಮನೆಗೆ ಬಾಡಿಗೆ ಎಷ್ಟು ಕಮ್ಮಿ ನೋಡಿ” ಎಂದು ಅವಳು ಕಳಿಸಿದ್ದ ವಿಳಾಸ ಅದೇ ರಸ್ತೆಯದು.

ಆದ್ದರಿಂದ ನನ್ನ ಅಭಿಪ್ರಾಯಕ್ಕೆ ಒಂದು ಷರತ್ತಿದೆ: ಮನೆ 43ನೇ ಬೀದಿಯ ಒಳಗೆ ಸಿಕ್ಕಿದರೆ ಪೆನ್ ಮೊದಲು, ಶಿಕಾಗೊ ನಂತರ, ಸಿಗದಿದ್ದರೆ ಹೈಡ್ ಪಾರ್ಕಿನ 57ನೇ ಬೀದಿಯ ಆಸುಪಾಸೇ ಲೇಸು, ಮಿಡ್‌ವೇ ದಾಟಲು ಶಟಲ್ ಇದ್ದೇ ಇದೆ. ಭಾವನವರು ಬಾಡಿಗೆಯ ವ್ಯತ್ಯಾಸವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ ಒಂದು ಕ್ಷಣ ಸುಮ್ಮನಿದ್ದು, ಅದನ್ನೂ ಫೀಸಿಗೇ ಸೇರಿಸಿ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಲು ಒಪ್ಪಿದರು. ಈಗ 42ನೇ ಬೀದಿಯಲ್ಲಿ, ನೆಲಮಹಡಿಯಲ್ಲದ ಒಂದು ಮನೆಗೆ ಹುಡುಕಾಟ ನಡೆದಿದೆ.