ಕೆಫೀನ್ ತೆಗೆದ ಕಾಫಿಪುಡಿ: ಮೂರು ತಿಂಗಳು ಕುಡಿದವಳ ಮಾತು

ಈ ಪುಡಿಯನ್ನು ಹೆದರಿಕೆಗೆ ಕೊಂಡೆ. ನನಗೆ ಐವತ್ತೇಳು, ಮುಟ್ಟು ನಿಂತು ಆರು ವರ್ಷ. ಕೆಲಸ ಕರಡು ತಿದ್ದುವುದು, ಅಂದರೆ ದಿನವಿಡೀ ಕುರ್ಚಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, -1.8 ಎಂದು ಬಂತು. -1ಕ್ಕಿಂತ ಕೆಳಗೆ ಇಳಿದರೆ ಮೂಳೆಯ ಸಾಂದ್ರತೆ ತಗ್ಗಿದೆ ಎಂದರ್ಥ; -2.5 ಮುಟ್ಟಿದರೆ ಅದಕ್ಕೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ರೋಗ, ಎಂದೇ ಹೆಸರು. ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದದ್ದನ್ನು ಕಂಡವಳಿಗೆ ಇಷ್ಟು ಸಾಕಾಯಿತು. ವರದಿಯನ್ನು ಮಡಚಿಟ್ಟು ತಲೆ ಎತ್ತಿದರೆ ಎದುರಿಗೆ ಕಾಫಿಯ ಲೋಟ. ದಿನಕ್ಕೆ ಆರು, ಒಂದಕ್ಕೂ ಹಾಲಿಲ್ಲ. ಕೆಫೀನ್ ಮೈಯ ಕ್ಯಾಲ್ಸಿಯಂ ಕದಿಯುತ್ತದೆ ಎಂದು ಕೇಳಿದ್ದೆ.

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ‘ಮೂಳೆಗಳ ಮಿತ್ರ’ ಎಂದಿದೆ. ಅದರ ಕೆಳಗೇ ಕ್ಯಾಲ್ಸಿಯಂ ಪದದ ಒತ್ತಕ್ಷರ ತಪ್ಪಿದೆ. ಕೈ ತಾನಾಗಿಯೇ ಕೆಂಪು ಪೆನ್ನನ್ನು ಹುಡುಕಿತು.

ಮೊದಲು ರುಚಿ. ಕತ್ತರಿ ಹಾಕಿದಾಗ ಮೂಗಿಗೆ ಬರುವ ಪರಿಮಳ ಮಾಮೂಲಿ ಪುಡಿಯ ಮುಕ್ಕಾಲು ಪಾಲಿನಷ್ಟಿದೆ. ಹುರಿಯುವ ಮೊದಲೇ ಹಸಿ ಬೀಜವನ್ನು ನೆನೆಸಿ ಕೆಫೀನ್ ಹೊರತೆಗೆಯುವಾಗ ಒಂದಿಷ್ಟು ಸುವಾಸನೆಯೂ ಜೊತೆಗೇ ಹೋಗುತ್ತದೆ. ಬಣ್ಣ ಮಾತ್ರ ಕಡುಗಪ್ಪು. ಕುಡಿದಾಗ ಕಹಿ ಇದೆ, ಹುಳಿಯ ಚುರುಕು ಇಲ್ಲ. ಮಗಳು ಗುರುತು ಹಾಕದ ಐದು ಲೋಟಗಳನ್ನು ಮುಂದಿಟ್ಟು ಪರೀಕ್ಷಿಸಿದಳು. ಮೂರನ್ನು ಸರಿಯಾಗಿ ಹೇಳಿದೆ, ಎರಡರಲ್ಲಿ ಸೋತೆ. ನಲವತ್ತು ವರ್ಷ ಕಾಫಿ ಕುಡಿದ ನಾಲಿಗೆಗೆ ಇದು ಅವಮಾನ, ಪುಡಿಗೆ ಪ್ರಶಂಸೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದೇ ದಿನದಲ್ಲಿ ಆರೂ ಲೋಟಗಳನ್ನು ಬದಲಿಸಿದೆ. ಮರುದಿನ ಮಧ್ಯಾಹ್ನಕ್ಕೆ ಹುಬ್ಬಿನ ಹಿಂದೆ ಯಾರೋ ಸುತ್ತಿಗೆ ಹಿಡಿದು ಕೂತಂತಾಯಿತು; ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಕೆಫೀನ್ ಥಟ್ಟನೆ ಬಿಟ್ಟವರಿಗೆ ಇದು ಸಾಮಾನ್ಯವಂತೆ. ಆಮೇಲೆ ಹಳೆಯ ಪುಡಿಗೆ ಇದನ್ನು ಅರ್ಧಕ್ಕರ್ಧ ಬೆರೆಸಿ, ವಾರವಾರಕ್ಕೂ ಹಳೆಯದನ್ನು ಕಡಿಮೆ ಮಾಡುತ್ತ ಬಂದೆ. ಪೊಟ್ಟಣದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಮಿತ್ರನಾದವನು ಹೇಳಬೇಕಿತ್ತು.

ಇನ್ನು ಆ ‘ಮಿತ್ರ’ನ ವಿಷಯ. ಕೆಫೀನ್‌ನಿಂದ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದು ನಿಜ, ಕರುಳು ಅದನ್ನು ಹೀರಿಕೊಳ್ಳುವುದೂ ತುಸು ತಗ್ಗುತ್ತದೆ. ಆದರೆ ಎಷ್ಟು? ಒಂದು ಕಪ್ಪಿಗೆ ಸುಮಾರು 5 ಮಿಲಿಗ್ರಾಂ. ನನ್ನ ಆರು ಲೋಟಕ್ಕೆ 30. ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮೈಗೆ ಹತ್ತುತ್ತದೆ. ಅಂದರೆ ನನ್ನ ಇಡೀ ದಿನದ ಸಾಲವನ್ನು ಅರ್ಧ ಲೋಟ ಹಾಲು ತೀರಿಸುತ್ತಿತ್ತು! ಸ್ವೀಡನ್ನಿನ 61,433 ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ನಾಲ್ಕು ಕಪ್ಪಿಗೆ ಕಡಿಮೆಯಿಲ್ಲದಂತೆ ಕುಡಿಯುವವರ ಮೂಳೆಸಾಂದ್ರತೆ ಶೇಕಡಾ 2ರಿಂದ 4ರಷ್ಟು ಕಡಿಮೆ ಇತ್ತು. ಮೂಳೆ ಮುರಿತ ಮಾತ್ರ ಹೆಚ್ಚಿರಲಿಲ್ಲ. ನನ್ನ ವಯಸ್ಸಿನವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತಾರೆ. ಕಪ್ಪು ಕಾಫಿಯ ಚಟ ಹತ್ತಿದ ಮೇಲೆ ನಾನು ಹಾಲು ಮುಟ್ಟಿದ್ದೇ ಅಪರೂಪ. ಕಳ್ಳ ಲೋಟದೊಳಗೆ ಇರಲಿಲ್ಲ, ಲೋಟ ಯಾವುದರ ಜಾಗ ಹಿಡಿದಿತ್ತೋ ಅಲ್ಲಿದ್ದ. ಈ ಪುಡಿಯನ್ನು ಹಾಲಿಲ್ಲದೆ ಕುಡಿದರೆ ಮೂಳೆಗೆ ಸಿಗುವುದು ಹೆಚ್ಚೇನಿಲ್ಲ.

ಹಾಗಾದರೆ ಯಾಕೆ ಇನ್ನೂ ಕೊಳ್ಳುತ್ತಿದ್ದೇನೆ? ನಿದ್ದೆಗಾಗಿ. ಕುಡಿದ ಕೆಫೀನ್‌ನ ಅರ್ಧ ಭಾಗ ಐದಾರು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ. ಸಂಜೆಯ ಎರಡು ಲೋಟಗಳನ್ನು ಇದಕ್ಕೆ ಬದಲಿಸಿದ ಮೇಲೆ ರಾತ್ರಿ ಒಂದೂವರೆಗೆ ಎದ್ದು ಕೂರುವುದು ನಿಂತಿತು. ಬೆಳಿಗ್ಗೆ ಎರಡು ಲೋಟ ಹಳೆಯ ಪುಡಿಯದೇ, ಹಾಲು ಹಾಕಿ. ಜೊತೆಗೆ ನಡಿಗೆ.

ಐದಕ್ಕೆ ಮೂರು ಅಂಕ. ರುಚಿಗೆ ಕತ್ತರಿಸಲು ಮನಸ್ಸಿಲ್ಲ; ಒಂದು ಆ ದಪ್ಪ ಅಕ್ಷರದ ಮಾತಿಗೆ ಹೋಯಿತು, ಇನ್ನೊಂದು ಪೊಟ್ಟಣದ ಬಾಯಿಗೆ. ಒತ್ತಿ ಮುಚ್ಚುವ ಪಟ್ಟಿ ಎರಡನೆಯ ವಾರಕ್ಕೇ ಕಿತ್ತುಬಂತು, ಉಳಿದಿದ್ದ ಪರಿಮಳವೂ ಹಾರಿತು. ಚಿಕ್ಕ ಪೊಟ್ಟಣವನ್ನೇ ಕೊಂಡು, ತಂದ ದಿನವೇ ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಡಿ.