ತಾಳಗುಪ್ಪ–ಮೈಸೂರು ಎಕ್ಸ್‌ಪ್ರೆಸ್: ಇಂಟರ್ನ್‌ಶಿಪ್ಪಿಗೆ ಹೊರಟ ನಮ್ಮ ಕಡೆಯವರಿಗೆ

ಎಂಟನೇ ಸೆಮಿಸ್ಟರಿಗೆ ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಪಿಜಿ ಎಲ್ಲಿ ಹಿಡಿಯಲಿ ಅಕ್ಕಾ ಅಂತ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಸಾಗರ, ಸೊರಬ, ಹೊಸನಗರದ ಕಡೆಯವರಿಗೆ ನಾನು ಹೇಳುವುದು ಇಷ್ಟೇ: ಮೊದಲು ರೈಲು ನೋಡಿಕೊಳ್ಳಿ, ಆಮೇಲೆ ಪಿಜಿ. ಆ ಸೆಮಿಸ್ಟರ್ ಪೂರ್ತಿ ಊರಿಗೆ ಹೋಗಿ ಬರುತ್ತ ಬೆಂಗಳೂರಲ್ಲಿ ಕೆಲಸ ಕಲಿಯಲು ನನಗೆ ಆಗಿದ್ದು ಈ ರಾತ್ರಿ ರೈಲಿನಿಂದ.

ಭಾನುವಾರ ಇಡೀ ದಿನ ಮನೆಯಲ್ಲಿರಬಹುದು, ಅದೇ ಈ ಗಾಡಿಯ ದೊಡ್ಡ ಗುಣ. ಬೇಗ ಊಟ ಮುಗಿಸಿ ಸಾಗರದಲ್ಲಿ ಹತ್ತಿದರೆ ಆನಂದಪುರ, ಶಿವಮೊಗ್ಗ, ಭದ್ರಾವತಿ, ತರೀಕೆರೆ ದಾಟಿ ಬೀರೂರಿನಲ್ಲಿ ಮುಖ್ಯ ಮಾರ್ಗ ಸೇರುತ್ತದೆ. ಬೆಳಕು ಹರಿಯುವ ಮೊದಲೇ ಮೆಜೆಸ್ಟಿಕ್. ಸ್ಲೀಪರ್ ಟಿಕೆಟ್ ₹300 ದಾಟುವುದಿಲ್ಲ. ಸ್ಟೈಪೆಂಡಿನಲ್ಲಿ ಪಿಜಿ ಬಾಡಿಗೆ ಕಟ್ಟಿ, ಉಳಿದದ್ದರಲ್ಲಿ ತಿಂಗಳು ದೂಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಯುಗಾದಿ ವಾರದಲ್ಲಿ ಒಂದು ಖಾಸಗಿ ಬಸ್ಸಿನವರು ನನ್ನಿಂದ ಇದರ ಐದು ಪಟ್ಟು ತೆಗೆದುಕೊಂಡಿದ್ದರು.

ಬೇರೆ ಗಾಡಿಗಳೂ ಇವೆ. ಜನಶತಾಬ್ದಿ ವೇಗದ್ದು, ಆದರೆ ಅದು ಶಿವಮೊಗ್ಗ ಟೌನ್‌ಗೇ ಮುಗಿಯುತ್ತದೆ. ಬೆಂಗಳೂರನ್ನು ಸಂಜೆ ಐದರ ಸುಮಾರಿಗೇ ಬಿಡುತ್ತದೆ, ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವವರಿಗೆ ಸಿಗುವ ಮಾತಿಲ್ಲ. ತಾಳಗುಪ್ಪದ ಇಂಟರ್‌ಸಿಟಿ ಮಧ್ಯಾಹ್ನವೇ ಹೊರಡುತ್ತದೆ. ಶುಕ್ರವಾರ ಕೆಲಸ ಮುಗಿಸಿ, ಸ್ನಾನ ಮಾಡಿ, ಚೀಲ ತುಂಬಿಕೊಂಡು ನಿಧಾನಕ್ಕೆ ಹತ್ತಲು ಆಗುವುದು ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುವ ಮೈಸೂರು–ತಾಳಗುಪ್ಪ ಗಾಡಿ. ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಅಡಿಕೆ ತೋಟ.

ಸೋಮವಾರದ ಬೆಳಗಿನ ಜಾವದ ಬಗ್ಗೆ ಮಾತ್ರ ಮೊದಲೇ ಯೋಚಿಸಬೇಕು. ಗಾಡಿ ಬೆಂಗಳೂರಿಗೇ ನಿಲ್ಲುವುದಿಲ್ಲ, ಮೈಸೂರಿಗೆ ಹೋಗುತ್ತದೆ. ಅಲಾರಂ ಇಟ್ಟುಕೊಳ್ಳದೆ ಮಲಗಿದರೆ ರಾಮನಗರ, ಮಂಡ್ಯ ಎಲ್ಲ ನೋಡಬೇಕಾಗುತ್ತದೆ. ಇಳಿದ ಮೇಲೆ ಮೆಟ್ರೊ ಇದೆ. 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಮೆಟ್ರೊ ಶುರು ಮಾಡಿದ್ದಾರೆ, ವಾರಾಂತ್ಯಕ್ಕೆ ಊರಿಗೆ ಹೋಗಿ ಬರುವವರಿಗಾಗಿಯೇ. ಕತ್ತಲಲ್ಲಿ ಆಟೊದವರ ಹತ್ತಿರ ಚೌಕಾಸಿ ಮಾಡುವ ಕೆಲಸವೇ ಇಲ್ಲ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ವೈಟ್‌ಫೀಲ್ಡ್ ಕಡೆಯ ಹೂಡಿಗೆ ಎಲ್ಲೂ ಬದಲಾಯಿಸಬೇಕಿಲ್ಲ. ಅದಕ್ಕೇ ಪಿಜಿಯನ್ನು ಆ ಮಾರ್ಗದ ಸ್ಟೇಷನ್ನಿಗೆ ನಡೆಯುವಷ್ಟು ದೂರದಲ್ಲಿ ಹಿಡಿಯಿರಿ ಎನ್ನುವುದು. ಅಡ್ವಾನ್ಸ್ ಕೊಡುವ ಮೊದಲು ಇನ್ನೊಂದು ಕೇಳಿ: ಬೆಳಗ್ಗೆ ಐದಕ್ಕೆ ಗೇಟ್ ತೆಗೀತೀರಾ? ನನ್ನ ಮೊದಲ ಪಿಜಿಯಲ್ಲಿ ಆರೂವರೆ ತನಕ ಬೀಗ. ಚೀಲ, ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಕೂರಬೇಕಾಗುತ್ತಿತ್ತು, ಅದಕ್ಕೇ ಬಿಟ್ಟು ಬೇರೆ ಕಡೆ ಹೋದೆ.

ಓದಿಗೂ ಈ ಗಾಡಿ ಒದಗಿತು. ಇಂಟರ್ನ್‌ಶಿಪ್ ಜೊತೆಗೆ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ) ಕೋರ್ಸ್ ಇತ್ತು. ಆಫೀಸಿನಿಂದ ಬಂದ ಮೇಲೆ ಪಾಠ ಕೇಳುವ ತ್ರಾಣ ಇರುತ್ತಿರಲಿಲ್ಲ. ವಾರದ ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಶಿವಮೊಗ್ಗ ಬರುವ ತನಕ ನೋಡುತ್ತಿದ್ದೆ. ಅರಸಾಳು, ಕುಂಸಿ ಕಡೆಯ ಕಾಡಲ್ಲಿ ನನ್ನ ಫೋನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮೆಸೇಜ್ ಬರುವುದಿಲ್ಲ, ಯಾರೂ ಕರೆಯುವುದಿಲ್ಲ, ಹಾಗಾಗಿ ಅಷ್ಟು ಹೊತ್ತು ಚೆನ್ನಾಗಿ ತಲೆಗೆ ಹೋಗುತ್ತಿತ್ತು.

ಜನರ ಬಗ್ಗೆ ಹೇಳಲೇಬೇಕು. ಭಾನುವಾರದ ಬೋಗಿಯಲ್ಲಿ ಅರ್ಧಕ್ಕರ್ಧ ನಮ್ಮಂಥವರೇ, ಎಲ್ಲರ ಸೀಟಿನಡಿ ಅಪ್ಪೆಮಿಡಿ ಬಾಟಲಿ, ಹಲಸಿನ ಹಪ್ಪಳದ ಕಟ್ಟು. ಒಬ್ಬಳೇ ಹೊರಟ ಮೊದಲ ಸಲ ಎದುರಿನ ಸೀಟಿನ ಅಮ್ಮ ಒಬ್ಬರು "ಯಾವೂರಮ್ಮಾ ನಿಂದು?" ಅಂದರು. ಹೆಗ್ಗೋಡಿನ ಹತ್ತಿರ ಅಂದೆ. "ಹಂಗಾದ್ರೆ ನಮ್ಮ ಕಡೆ ಹುಡುಗೀನೇ, ನೀನು ಕೆಳಗೆ ಮಲಕ್ಕೋ, ನಮ್ಮ ಮಗ ಮೇಲೆ ಹೋಗ್ತಾನೆ" ಎಂದು ಜಾಗ ಬದಲಾಯಿಸಿಕೊಟ್ಟರು. ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನು ಹೇಳಿದ ಮೇಲೆಯೇ ಅವರಿಗೆ ಸಮಾಧಾನ ಆಗಿದ್ದು.

ಟಿಕೆಟ್ ವಿಷಯ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಭಾನುವಾರದ್ದನ್ನು ತೆರೆದ ದಿನವೇ ಮಾಡಿ, ಶುಕ್ರವಾರದ್ದು ಸ್ವಲ್ಪ ತಡವಾದರೂ ನಡೆದೀತು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ ನಿಮ್ಮ ಸೆಮಿಸ್ಟರಿನಲ್ಲೇ ಬಿದ್ದರೆ ತಡ ಮಾಡಲೇಬೇಡಿ. ಹುಡುಗಿಯರು ಜನರಲ್ ಕೋಟಾದಲ್ಲಿ ವೇಟಿಂಗ್ ಬಂದರೆ ಕೈಬಿಡುವ ಮೊದಲು ಲೇಡೀಸ್ ಕೋಟಾ ನೋಡಿ. ಸ್ಲೀಪರ್‌ನಲ್ಲಿ ಬೇರೆಯೇ ಬರ್ತ್‌ಗಳಿರುತ್ತವೆ. ತತ್ಕಾಲ್ ಸ್ಲೀಪರಿಗೆ ಹಿಂದಿನ ದಿನ ಬೆಳಗ್ಗೆ 11ಕ್ಕೆ ತೆರೆಯುತ್ತದೆ, ಆಧಾರ್ ಜೋಡಿಸಿದ ಖಾತೆ ಬೇಕು. ಆ್ಯಪಿನಲ್ಲಿ ನಮ್ಮ ನಿಲ್ದಾಣವನ್ನು ಸಾಗರ ಜಂಬಗಾರು ಅಂತ ಹುಡುಕಿ, ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ.