ನಿ, ಉ, ಅ, ತು, ಮ್, ವಾ: ಸ್ವಾಹಿಲಿ ಕ್ರಿಯಾಪದಕ್ಕೆ ಕೋಷ್ಟಕವೋ, ಚೀಟಿಯೋ, ವಾಕ್ಯವೋ?

'ಓದುತ್ತೇನೆ' ಎಂಬುದನ್ನು ಬಿಡಿಸಿ ಬರೆಯುವುದನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಕಲಿತಿರುತ್ತಾರೆ: ಓದು + ಉತ್ತ + ಏನೆ. ಮೊದಲು ಧಾತು, ನಡುವೆ ಕಾಲಸೂಚಕ, ಕೊನೆಗೆ ಆಖ್ಯಾತ ಪ್ರತ್ಯಯ. ಪೂರ್ವ ಆಫ್ರಿಕಾದ ಭಾಷೆಯಾದ ಸ್ವಾಹಿಲಿಯಲ್ಲಿ ಇದೇ ಮೂರು ತುಂಡುಗಳು ಹಿಂದುಮುಂದಾಗಿ ನಿಲ್ಲುತ್ತವೆ: ನಿ + ನಾ + ಸೋಮಾ. 'ನಿ' ಎಂದರೆ ನಾನು, 'ನಾ' ವರ್ತಮಾನ, 'ಸೋಮಾ' ಎಂದರೆ ಓದು. ಕರ್ತೃವನ್ನು ಹೇಳುವ ಮೊದಲ ತುಂಡುಗಳು, ಮನುಷ್ಯರ ಮಟ್ಟಿಗೆ, ಆರೇ: ನಿ (ನಾನು), ಉ (ನೀನು), ಅ (ಅವನು, ಅವಳು), ತು (ನಾವು), ಮ್ (ನೀವು), ವಾ (ಅವರು). ಇವನ್ನು ಕಲಿಯಲು ಕೋಷ್ಟಕದ ಬಾಯಿಪಾಠ, ಚೀಟಿ ಜೋಡಣೆ, ಇಡೀ ವಾಕ್ಯದ ಅಭ್ಯಾಸ ಎಂಬ ಮೂರು ದಾರಿಗಳನ್ನೂ ಮಾಡಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಕನ್ನಡಿಗರು ಚೀಟಿಯಿಂದ ಶುರು ಮಾಡಬೇಕು. ಉಳಿದೆರಡಕ್ಕೂ ಕೆಲಸವಿದೆ, ಆದರೆ ಆಮೇಲೆ.

ಕೋಷ್ಟಕ ಬೇಗ ಬಾಯಿಗೆ ಬರುತ್ತದೆ. ನಿನಾಸೋಮಾ, ಉನಾಸೋಮಾ, ಅನಾಸೋಮಾ, ತುನಾಸೋಮಾ, ಮ್‌ನಾಸೋಮಾ, ವಾನಾಸೋಮಾ ಎಂದು ಮಗ್ಗಿಯಂತೆ ಒಪ್ಪಿಸಬಹುದು. ತೊಂದರೆಯೂ ಮಗ್ಗಿಯದ್ದೇ. 'ನಾವು ಬರೆಯುತ್ತೇವೆ' ಎನ್ನಬೇಕಾದಾಗ ನಾಲಿಗೆ 'ನಿ'ಯಿಂದ ಹೊರಟು ಮೂರು ರೂಪ ದಾಟಿಯೇ 'ತು'ಗೆ ಬರುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: 'ನಿನಾ' ಒಂದೇ ಮುದ್ದೆಯಾಗಿ ಮನಸ್ಸಿನಲ್ಲಿ ಕೂತು, ಭೂತಕಾಲಕ್ಕೆ 'ನಿಲಿಸೋಮಾ' ಎನ್ನುವ ಬದಲು 'ನಿನಾಲಿಸೋಮಾ' ಬಂದುಬಿಡುತ್ತದೆ. ಒಂದು ಪದಕ್ಕೆ ಎರಡು ಕಾಲ!

ಚೀಟಿಗೆ ಮೂರು ಬಣ್ಣದ ಕಾಗದ ಸಾಕು. ಒಂದರಲ್ಲಿ ಆರು ಕರ್ತೃಗಳು. ಎರಡನೆಯದರಲ್ಲಿ ನಾಲ್ಕು ಕಾಲಸೂಚಕಗಳು: ನಾ (ವರ್ತಮಾನ), ಲಿ (ಭೂತ), ತಾ (ಭವಿಷ್ಯತ್), ಮೆ (ಮಾಡಿ ಆಗಿದೆ ಎಂಬ ಅರ್ಥ). ಮೂರನೆಯದರಲ್ಲಿ ಎಂಟು ಧಾತುಗಳು: ಸೋಮಾ (ಓದು), ಆಂಡಿಕಾ (ಬರೆ), ಪಿಕಾ (ಅಡುಗೆ ಮಾಡು), ಲಾಲಾ (ಮಲಗು), ಫಿಕಾ (ತಲುಪು), ಟಾಕಾ (ಬಯಸು), ಓನಾ (ನೋಡು), ಪೆಂಡಾ (ಪ್ರೀತಿಸು). ಒಟ್ಟು ಹದಿನೆಂಟು ಚೀಟಿ, 192 ಕ್ರಿಯಾರೂಪ. ಪ್ರತಿ ಬಣ್ಣದಿಂದ ಒಂದೊಂದು ಎತ್ತಿ, ಎಡದಿಂದ ಕರ್ತೃ, ಕಾಲ, ಧಾತು ಎಂದು ಇಟ್ಟು, ಮೊದಲು ಸ್ವಾಹಿಲಿಯಲ್ಲಿ ಓದಿ, ನಂತರ ಕನ್ನಡದಲ್ಲಿ ಹೇಳಬೇಕು. ತು-ಲಿ-ಫಿಕಾ, 'ತಲುಪಿದೆವು'. ವಾ-ತಾ-ಪಿಕಾ, 'ಅಡುಗೆ ಮಾಡುವರು'. ಎರಡೂ ಕಡೆ ಸರ್ವನಾಮ ಬೇಕಿಲ್ಲ ಎಂಬುದು ಕನ್ನಡಿಗರಿಗೆ ಹೇಳಿಕೊಡದೆಯೇ ಗೊತ್ತಾಗುತ್ತದೆ. ಇಂಗ್ಲಿಷ್ ಮೂಲಕ ಕಲಿತವರು 'ಮಿಮಿ ಸೋಮಾ' ಎನ್ನುವುದುಂಟು. 'ಮಿಮಿ' ಎಂದರೆ ನಾನು ಎಂಬುದು ನಿಜ, ಆದರೆ ಅದು ಒತ್ತು ಕೊಡಲು ಇರುವ ಪದ. ಅದನ್ನು ಹಾಕಿದರೂ ಕ್ರಿಯಾಪದದ 'ನಿ' ಬಿಡುವಂತಿಲ್ಲ.

ಚೀಟಿಯ ದೊಡ್ಡ ಲಾಭ ಕಾಣುವುದು ಕರ್ಮ ಸೇರಿದಾಗ. ಕರ್ಮದ ತುಂಡು ಕಾಲಸೂಚಕಕ್ಕೂ ಧಾತುವಿಗೂ ನಡುವೆ ಬರುತ್ತದೆ: ನಿ-ನಾ-ಕು-ಪೆಂಡಾ, 'ನಿನ್ನನ್ನು ಪ್ರೀತಿಸುತ್ತೇನೆ'. ಇಲ್ಲಿ 'ಮ್' ಮೋಸ ಮಾಡುತ್ತದೆ. ಕರ್ತೃವಿನ ಜಾಗದಲ್ಲಿ 'ನೀವು', ಕರ್ಮದ ಜಾಗದಲ್ಲಿ 'ಅವನನ್ನು, ಅವಳನ್ನು'. ಮ್-ಲಿ-ಮ್-ಓನಾ ಎಂದರೆ (ಸ್ವರಕ್ಕೆ ಮೊದಲು ಬರುವುದರಿಂದ ಎರಡನೆಯದು 'ಮ್ವ್' ಆಗಿ ಮ್‌ಲಿಮ್ವೋನಾ) 'ನೀವು ಅವನನ್ನು ನೋಡಿದಿರಿ'. ಕೋಷ್ಟಕದವರು ಇಲ್ಲಿ ತಡವರಿಸುತ್ತಾರೆ. ಚೀಟಿ ಇಟ್ಟು ಕಲಿತವರಿಗೆ ಜಾಗವೇ ಅರ್ಥ ಹೇಳುತ್ತದೆ.

ಇದೇ 'ಮ್' ಇನ್ನೆರಡು ಕಡೆ ಎಡವಿಸುತ್ತದೆ. ಅದು ತಾನೇ ಒಂದು ಉಚ್ಚಾರಾಂಶ: ಮ್-ನಾ-ಸೋ-ಮಾ, ನಾಲ್ಕು. ಒತ್ತಕ್ಷರದಂತೆ ನುಂಗಬಾರದು, 'ಮುನಾಸೋಮಾ' ಎಂದು ಸ್ವರ ಸೇರಿಸಲೂಬಾರದು. ಎರಡನೆಯದು ಗೌರವದ ವಿಷಯ. ಹಿರಿಯರೊಬ್ಬರಿಗೆ ನಾವು 'ನೀವು' ಎನ್ನುತ್ತೇವೆಂದು ಸ್ವಾಹಿಲಿಯಲ್ಲೂ 'ಮ್' ಬಳಸಿದರೆ ತಪ್ಪಾಗುತ್ತದೆ, ಅದು ಬಹುವಚನ ಮಾತ್ರ. ಹಿರಿಯರಿಗೆ 'ಶಿಕಾಮೋ' ಎಂದು ನಮಸ್ಕರಿಸಬೇಕು, ಅವರು 'ಮರಹಾಬಾ' ಎನ್ನುತ್ತಾರೆ. ಗೌರವ ಅಲ್ಲಿ ಸಲ್ಲುತ್ತದೆ, ಮುಂದಿನ ಕ್ರಿಯಾಪದಕ್ಕೆ 'ಉ' ಸಾಕು.

ಚೀಟಿ ಕೈಕೊಡುವ ಜಾಗವೂ ಇದೆ. 'ತಿನ್ನು' ಎಂಬುದರ ಧಾತು ಬರೀ 'ಲಾ'. ಚೀಟಿಯ ಲೆಕ್ಕದಲ್ಲಿ 'ನಿನಾಲಾ' ಆಗಬೇಕು, ಆದರೆ ಸರಿಯಾದದ್ದು 'ನಿನಾಕುಲಾ'. 'ನ್ಯ್ವಾ' (ಕುಡಿ), 'ಜಾ' (ಬಾ) ಮುಂತಾದ ಒಂದೇ ಉಚ್ಚಾರಾಂಶದ ಧಾತುಗಳಿಗೆ ಈ ನಾಲ್ಕೂ ಕಾಲಗಳಲ್ಲಿ 'ಕು' ಅಂಟಿಕೊಂಡಿರುತ್ತದೆ. ಚೀಟಿಯಲ್ಲೇ 'ಕುಲಾ', 'ಕುಜಾ' ಎಂದು ಬರೆದಿಡಿ.

ನಿಷೇಧಕ್ಕೆ ಬಂದರೆ ಕೋಷ್ಟಕವೇ ವಾಸಿ, ಯಾಕೆಂದರೆ ತುಂಡುಗಳು ಒಂದರೊಳಗೊಂದು ಬೆರೆಯುತ್ತವೆ. ಮುಂದೆ 'ಹ' ಸೇರಿ ಹತು, ಹಮ್, ಹವಾ ಆಗುತ್ತವೆ. ಹ + ಉ 'ಹು' ಆಗುತ್ತದೆ, ಹ + ಅ ಬರೀ 'ಹ', 'ನಿ'ಗೆ ಮಾತ್ರ 'ಸಿ'. ವರ್ತಮಾನದಲ್ಲಿ 'ನಾ' ಬಿದ್ದುಹೋಗಿ ಕೊನೆಯ 'ಆ' 'ಇ' ಆಗುತ್ತದೆ: ಸಿಸೋಮಿ, 'ಓದುವುದಿಲ್ಲ'. ಭೂತದಲ್ಲಿ 'ಲಿ' ಬದಲು 'ಕು': ಸಿಕುಸೋಮಾ. 'ಮೆ' ಬದಲು 'ಜಾ': ಸಿಜಾಸೋಮಾ, 'ಇನ್ನೂ ಓದಿಲ್ಲ'. 'ತಾ' ಮಾತ್ರ ಹಾಗೇ: ಸಿತಾಸೋಮಾ. ಅರಬ್ಬಿಯಿಂದ ಬಂದ 'ಜಿಬು' (ಉತ್ತರಿಸು) ತರಹದವು 'ಆ'ಯಿಂದ ಮುಗಿಯದ ಕಾರಣ ಕೊನೆಯಲ್ಲಿ ಬದಲಾಗುವುದಿಲ್ಲ: ಸಿಜಿಬು.

ಇಡೀ ವಾಕ್ಯದ ಅಭ್ಯಾಸವಿಲ್ಲದೆ ಆಗದ್ದು ವಸ್ತುಗಳ ವಿಷಯ. ಕನ್ನಡದಲ್ಲಿ 'ಮರ ಬಿತ್ತು, ಮರಗಳು ಬಿದ್ದವು' ಎಂಬೆರಡೇ ಸಾಕು. ಸ್ವಾಹಿಲಿಯಲ್ಲಿ ನಾಮಪದದ ವರ್ಗಕ್ಕೆ ತಕ್ಕಂತೆ ಕರ್ತೃವಿನ ತುಂಡು ಬೇರೆ. ಇವನ್ನು ಏಕವಚನ, ಬಹುವಚನದ ಜೋಡಿಯಾಗಿಯೇ ಕಲಿಯಬೇಕು:

ಕಿತಾಬು ಕಿಮೆಪೊಟೆಯಾ, ವಿತಾಬು ವಿಮೆಪೊಟೆಯಾ (ಪುಸ್ತಕ ಕಳೆದಿದೆ, ಪುಸ್ತಕಗಳು ಕಳೆದಿವೆ)
ಮ್‌ಟಿ ಉಮೆಆಂಗುಕಾ, ಮಿಟಿ ಇಮೆಆಂಗುಕಾ (ಮರ ಬಿದ್ದಿದೆ)
ಟುಂಡಾ ಲಿಮೆಓಝಾ, ಮಟುಂಡಾ ಯಮೆಓಝಾ (ಹಣ್ಣು ಕೊಳೆತಿದೆ)
ನ್ಯುಂಬಾ ಇಮೆಉಂಗುವಾ, ನ್ಯುಂಬಾ ಝಿಮೆಉಂಗುವಾ (ಮನೆ ಸುಟ್ಟಿದೆ)

ಕೊನೆಯ ಜೋಡಿಗೆ ಹೆಚ್ಚು ಹೊತ್ತು ಕೊಡಿ. 'ನ್ಯುಂಬಾ' ಎರಡು ಕಡೆಯೂ ಒಂದೇ, ಒಂದೋ ಹಲವೋ ಎಂದು ಹೇಳುವುದು 'ಇ', 'ಝಿ' ಮಾತ್ರ. 'ಕಿತಾಬು' ಅರಬ್ಬಿ ಪದ, 'ಕಿ'ಯಿಂದ ಶುರುವಾದದ್ದರಿಂದ ಕಿ-ವಿ ವರ್ಗಕ್ಕೆ ಸೇರಿ 'ವಿತಾಬು' ಪಡೆಯಿತು. ಪ್ರಾಣಿಗಳಲ್ಲಿ ಕನ್ನಡಿಗರು ಖಂಡಿತ ತಪ್ಪುತ್ತಾರೆ. ನಮಗೆ ಸಿಂಹ ಮಲಗಿ'ದೆ', ಅವರಿಗೆ 'ಸಿಂಬಾ ಅಮೆಲಾಲಾ', ಮನುಷ್ಯರ 'ಅ'. ನೀರಾನೆ 'ಕಿಬೊಕೊ', 'ಕಿ'ಯಿಂದಲೇ ಶುರುವಾದರೂ 'ಕಿಬೊಕೊ ಅಮೆಲಾಲಾ'. ಇದನ್ನು ಯಾವ ಚೀಟಿಯೂ ಕಲಿಸುವುದಿಲ್ಲ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರಿಗೆ ಒಂದು ಎಚ್ಚರಿಕೆ: ಅವರು ಎಂಬರ್ಥದ 'ವಾ'ಗೆ ತುಟಿ ದುಂಡಗಾಗಬೇಕು, ಪುಸ್ತಕಗಳ 'ವಿ'ಗೆ ಕೆಳತುಟಿ ಹಲ್ಲಿಗೆ ತಾಗಬೇಕು. ನಮ್ಮ ಒಂದೇ 'ವ' ಎರಡನ್ನೂ ಮುಚ್ಚಿಹಾಕುತ್ತದೆ. ಆದ್ದರಿಂದ ವಾಕ್ಯಗಳನ್ನು ಓದಿ ಕಲಿಯುವುದಕ್ಕಿಂತ ಕೇಳಿ ಕಲಿಯಿರಿ. ಆಗ ಇನ್ನೊಂದೂ ಕಿವಿಗೆ ಬೀಳುತ್ತದೆ: ಆಡುಮಾತಿನಲ್ಲಿ 'ನಿನಾಸೋಮಾ' ಸವೆದು 'ನಾಸೋಮಾ' ಆಗಿರುತ್ತದೆ. ಮುಂದೆ ಕರ್ತೃವಿಲ್ಲದೆ 'ನಾ'ದಿಂದ ಶುರುವಾದ ಕ್ರಿಯಾಪದ ಕೇಳಿದರೆ ಅದನ್ನು 'ನಾನು' ಎಂದೇ ತಿಳಿಯಿರಿ.